ಗಲ್ಲ ಇಳಿದಾಗ ಮಾತ್ರ

ಸಂಜೆ ಆರು ಇಪ್ಪತ್ತಕ್ಕೆ ಮೇಡಂ ಒಡೀಲ್ ಪಿಯಾನೊದಲ್ಲಿ ಸೊನಾಟದ ಎರಡನೆಯ ಭಾಗ ಶುರು ಮಾಡಿದರು. ಎಸಿಯ ಗಾಳಿ ಸೀದಾ ಸ್ವರದ ಪುಸ್ತಕದ ಪುಟದ ಮೂಲೆಗೇ ಬಡಿಯುತ್ತಿದೆ, ಬೆಳಿಗ್ಗೆಯಿಂದ ಹೇಳಿದ್ದೇ ಆಯಿತು, ವೇದಿಕೆಯ ಮೇಲಿನ ಆ ಒಂದು ಕಿಂಡಿ ಮುಚ್ಚಿಸಿ ಎಂದು, ಸೆಂಟ್ರಲ್ ಎಸಿ ಮಿಸ್, ಒಂದು ಮುಚ್ಚಬೇಕಾದರೆ ಇಡೀ ಸ್ಕೂಲಿನದ್ದು ಮುಚ್ಚಬೇಕು ಅಂದರು ಆಡಿಟೋರಿಯಂ ನೋಡಿಕೊಳ್ಳುವವರು, ಈಗ ಮೂಲೆ ಏಳುತ್ತದೆ, ಬೀಳುತ್ತದೆ, ಮೆಲಿಸ್ಸಾ ಎರಡು ಬೆರಳಿನಿಂದ ಅದನ್ನು ಹಿಡಿದುಕೊಂಡು ಮೇಡಂ ಅವರ ಎಡಕ್ಕೆ, ಸ್ವಲ್ಪ ಹಿಂದೆ, ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕುಳಿತಿದ್ದಾಳೆ, ದುಬೈಯ ಅಲ್ ಕೂಜ್‌ನ ಗೋದಾಮಿನಿಂದ ಅಬುಧಾಬಿಯ ಈ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯವರೆಗೆ ಪಿಯಾನೊ ತರಿಸಿದವರಿಗೆ ಸದ್ದು ಮಾಡದ ಒಂದು ಕುರ್ಚಿ ಹುಡುಕಿಕೊಡಲು ಆಗಲಿಲ್ಲ, ಉಸಿರು ಬಿಟ್ಟರೂ ಕಿರ್ ಅನ್ನುತ್ತದೆ, ಇನ್ನು ಪುಟ ತಿರುವಲು ಏಳುವಾಗ ಏನೇನು ಅನ್ನುತ್ತದೋ. ಏಳುವುದಕ್ಕೂ ಒಂದೇ ನಿಯಮ, ಹತ್ತೊಂಬತ್ತು ವರ್ಷದಿಂದ ಅದೇ ನಿಯಮ, ನೀನು ಸಂಗೀತ ಕೇಳಬೇಡ, ಸಂಗೀತ ಕೇಳಲು ಟಿಕೆಟ್ ತೆಗೆದುಕೊಂಡವರು ಇದ್ದಾರೆ, ನೀನು ನನ್ನ ಗಲ್ಲ ನೋಡು, ಗಲ್ಲ ಇಳಿದಾಗ ಮಾತ್ರ ತಿರುವು, ಅದಕ್ಕೆ ಮೊದಲು ಆಕಾಶ ಕಳಚಿ ಬಿದ್ದರೂ ಕುಳಿತಿರು. ಗಲ್ಲ ಈಗ ಮೇಲಿದೆ. ಎಪ್ಪತ್ತೇಳು ವರ್ಷದ ಗಲ್ಲ, ಕೆಳಗೆ ಚರ್ಮ ಜೋತಿದೆ, ಆದರೆ ಮೂಳೆ ಮಾತ್ರ ಹಾಗೇ ಚೂಪು, ಜಗಳಕ್ಕೆ ನಿಂತವರ ಗಲ್ಲ — ನೋಡು, ನೋಡುತ್ತಲೇ ಇರು, ಇವತ್ತು ತಪ್ಪಾಗಬಾರದು, ಮೊದಲ ಸಾಲಿನಲ್ಲಿ ಶಾಮಸುಂದರ ಕಾಲ ಮೇಲೆ ಕಾಲು ಹಾಕಿ ಕೂತಿದ್ದಾರೆ, ಸಂಗೀತ ಶಾಲೆಯ ಮಾಲೀಕರು, ಮೇಡಂ ಈ ವರ್ಷ ಕೆಲಸ ಬಿಡುತ್ತಾರೆ, ಅವರ ನಂತರ ಅಬುಧಾಬಿಯ ಮುಖ್ಯ ಶಿಕ್ಷಕಿ ಯಾರು ಎನ್ನುವುದು ಈ ಮಾಲೀಕರ ಬಾಯಲ್ಲಿದೆ, ದುಬೈಯ ಕಾರ್ಯಕ್ರಮದವರೆಗೆ ಅದು ಮೆಲಿಸ್ಸಾ ಎಂದು ರಿಸೆಪ್ಷನ್‌ನವರಿಗೂ ಗೊತ್ತಿತ್ತು, ದುಬೈ ಆದ ಮೇಲೆ ಅವರ ಮಾತಿನ ಧಾಟಿ ಬೇರೆ, ನೋಡೋಣ ಮೆಲಿಸ್ಸಾ ಅವರೇ, ಅಬುಧಾಬಿದು ಒಂದು ಆಗಿಹೋಗಲಿ, ಪೇರೆಂಟ್ಸ್ ಕೇಳ್ತಾ ಇದ್ದಾರೆ ನೋಡಿ, ನೆಟ್ಟಗೆ ಒಂದು ಪುಟ ತಿರುಗಿಸೋಕೆ ಬರದೇ ಇರೋರು ನಮ್ಮ ಮಕ್ಕಳಿಗೆ ಏನು ಕಲಿಸ್ತಾರೆ ಅಂತ, ನಾನಲ್ಲಪ್ಪ ಕೇಳ್ತಿರೋದು, ಅವರು.

ಅವರು ಕೇಳುತ್ತಾರಂತೆ, ಇವರು ಕೇಳುವುದಿಲ್ಲವಂತೆ. ಅರ್ಧ ಗಂಟೆಯ ಹಿಂದೆ ಇದೇ ಮನುಷ್ಯ ಮೈಕ್ ಹಿಡಿದು ಮೇಡಂ ಅವರ ಪರಿಚಯ ಮಾಡಿಕೊಟ್ಟದ್ದು ನೆನೆದರೆ ಮೈ ಉರಿಯುತ್ತದೆ, ಮೆಲಿಸ್ಸಾ ಸ್ವತಃ ಟೈಪ್ ಮಾಡಿ ಕೊಟ್ಟಿದ್ದಳು, ಪ್ರತಿಯೊಂದು ವಿಷಯವನ್ನೂ ಮೇಡಂ ಹತ್ತಿರ ಕೇಳಿ ಖಚಿತ ಮಾಡಿಕೊಂಡು, ಅದನ್ನು ಮಡಚಿ ಜೇಬಿನಲ್ಲಿಟ್ಟು ಅವರು ಬಾಯಿಗೆ ಬಂದದ್ದು ಹೇಳಿದರು — ಪ್ಯಾರಿಸ್‌ನ ಮಹಾರಾಣಿ ಅಂತೆ, ಪ್ಯಾರಿಸ್ ಅಲ್ಲ, ಹುಟ್ಟಿದ್ದು ಅಂಗುಲೇಮ್ ಎಂಬ ಸಣ್ಣ ಊರು, ಅಪ್ಪ ರೈಲ್ವೆಯಲ್ಲಿ ಸಿಗ್ನಲ್ ಕೆಲಸ, ಪ್ಯಾರಿಸ್‌ಗೆ ಹೋದದ್ದು ಹದಿನೈದನೆಯ ವಯಸ್ಸಿಗೆ, ಪ್ರಥಮ ಬಹುಮಾನ ಅಂತೆ, ಎರಡನೆಯದು, ಮೇಡಂ ಅದನ್ನು ಯಾವತ್ತೂ ಮುಚ್ಚಿಟ್ಟವರಲ್ಲ, ಮೊದಲನೆಯದು ಬಂದವನು ಆಮೇಲೆ ವಿಮೆ ಮಾರುತ್ತಿದ್ದ ಎಂದು ಮಾತ್ರ ಸೇರಿಸುತ್ತಾರೆ, ಐವತ್ತು ದೇಶಗಳಲ್ಲಿ ಕಾರ್ಯಕ್ರಮ ಅಂತೆ, ಒಂಬತ್ತು, ಅದರಲ್ಲಿ ಬೈರೂತ್ ಮತ್ತು ಟೆಹ್ರಾನ್ ಸೇರಿ, ಎರಡು ಎಲ್‌ಪಿ ರೆಕಾರ್ಡು, ಎರಡರ ಮೇಲೂ ಅವರ ಕೂದಲು ಒಂದೇ ಥರ, ಆಮೇಲೆ ಎಂಬತ್ತೊಂದರಲ್ಲಿ ತೈಲ ಬಾವಿಯ ಎಂಜಿನಿಯರ್ ಗಂಡನ ಹಿಂದೆ ಅಬುಧಾಬಿಗೆ, ಮೂರು ವರ್ಷಕ್ಕೆ ಎಂದು ಬಂದದ್ದು. ಮೂರು ವರ್ಷಕ್ಕೆ ಎಂದು ಬರದವರು ಈ ಊರಲ್ಲಿ ಯಾರಿದ್ದಾರೆ, ಮೆಲಿಸ್ಸಾಳ ಗಂಡ ಫೆಲಿಕ್ಸ್ ಕೂಡ ಹಾಗೇ ಹೇಳಿ ಕರೆದುಕೊಂಡು ಬಂದದ್ದು, ಮೂರೇ ವರ್ಷ ಮಾರಾಯ್ತಿ, ಮತ್ತೆ ಊರಿಗೆ ಹೋಗಿ ಕುಲಶೇಖರದಲ್ಲಿ ಮನೆ ಕಟ್ಟಿ ಕೂತ್ಕೊಳ್ಳುವ. ಮೇಡಂ ಅವರ ಗಂಡ ತೀರಿಕೊಂಡರು, ಮೇಡಂ ಫ್ರಾನ್ಸಿಗೆ ಮರಳಿ ಹೋಗಲಿಲ್ಲ, ಹೋಟೆಲಿನ ಲಾಬಿಯಲ್ಲಿ ನುಡಿಸಿದರು, ಜನ ತಿನ್ನುವಾಗ ನುಡಿಸಲಾರೆ ಎಂದು ಬಿಟ್ಟರು, ಮತ್ತೆ ಸೇರಿದರು, ಚಮಚ ಬೀಳಿಸಿದವರ ಕಡೆ ತಿರುಗಿ, ಅದು ಯಾವ ಸ್ವರ ಹೇಳಿ ನೋಡೋಣ, ಎಂದು ಕೇಳಿದ್ದಕ್ಕೆ ಹೋಟೆಲಿನವರೇ ಬಿಡಿಸಿದರು. ಇದನ್ನೆಲ್ಲ ಯಾರು ಹೇಳಬೇಕು. ಮಹಾರಾಣಿ ಅಂತೆ. ಸೊನಾಟಕ್ಕೆ ನಾಲ್ಕು ಭಾಗ ಇದೆ, ದಯವಿಟ್ಟು ನಾಲ್ಕೂ ಮುಗಿದ ಮೇಲೆ ಚಪ್ಪಾಳೆ ಹೊಡೆಯಿರಿ ಎಂದು ಒಂದು ಸಾಲು ಮಾತ್ರ ಅವರು ಇದ್ದ ಹಾಗೆ ಓದಿದರು, ಅಷ್ಟಕ್ಕೆ ದೇವರಿಗೆ ಸ್ತೋತ್ರ, ಮೊದಲ ಭಾಗ ಮುಗಿದಾಗ ಒಬ್ಬರೂ ಕೈ ಎತ್ತಲಿಲ್ಲ, ಫೆಲಿಕ್ಸ್ ಕೆಮ್ಮಿದ್ದು ಬಿಟ್ಟರೆ ಸಭೆ ಮೌನ — ಗಲ್ಲ. ಗಲ್ಲ ಇಳಿಯಿತು. ಎದ್ದಳು, ಕುರ್ಚಿ ಕಿರ್ ಅಂದಿತು, ತಿರುವಿದಳು, ಕುಳಿತಳು.

ಈ ಭಾಗ ಸರಳ, ಮಕ್ಕಳಿಗೂ ಅರ್ಥವಾಗುವಷ್ಟು, ಅದೇ ಅದರ ಅಪಾಯ. ಒಂದು ಧಾಟಿ ಬರುತ್ತದೆ, ಜೋಗುಳದ ಹಾಗೆ, ಹೋಗಿ ಒಂದು ಕವಲಿನಲ್ಲಿ ನಿಲ್ಲುತ್ತದೆ, ಅಲ್ಲಿ ಎಡಗೈಯ ಒಂದೇ ಒಂದು ಸ್ವರ, ಲಾ, ಅದನ್ನು ಬರೀ ಲಾ ಎಂದು ನುಡಿಸಿದರೆ ದಾರಿ ಮಧ್ಯಭಾಗಕ್ಕೆ ಹೋಗುತ್ತದೆ, ಅರ್ಧ ಮೆಟ್ಟಿಲು ಇಳಿಸಿ ಲಾ ಬೆಮೋಲ್ ಎಂದು ನುಡಿಸಿದರೆ ಮುಕ್ತಾಯಕ್ಕೆ, ಮೊದಲ ಸಲ ಲಾ, ಮಧ್ಯಭಾಗ ಸುತ್ತಿಕೊಂಡು ಧಾಟಿ ಮತ್ತೆ ಬಂದಾಗ ಲಾ ಬೆಮೋಲ್, ಅಷ್ಟೇ, ಇಷ್ಟೇ ವ್ಯತ್ಯಾಸ, ಬಿಳಿ ಮನೆಯೊ ಅದರ ಪಕ್ಕದ ಕಪ್ಪು ಮನೆಯೊ. ಈಗ ಮೊದಲ ಸಲ, ಲಾ, ಸರಿ, ಮಧ್ಯಭಾಗಕ್ಕೆ ಬಂದರು. ದೋ ರೇ ಮಿ ಎಂದು ಹೆಸರು ಹಿಡಿದೇ ಯೋಚಿಸುವುದು ಮೆಲಿಸ್ಸಾಗೆ ಈ ಹೆಂಗಸು ಅಂಟಿಸಿದ ರೋಗ, ಮಂಗಳೂರಿನಲ್ಲಿ ಪಿಯಾನೊದ ಎಂಟನೆಯ ಗ್ರೇಡ್ ಡಿಸ್ಟಿಂಕ್ಷನ್‌ನಲ್ಲಿ ಪಾಸಾಗಿ ಬಂದವಳು, ಆಗ ಇಪ್ಪತ್ತೇಳು ವರ್ಷ, ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟ್‌ನ ಹಳೆಯ ಕಟ್ಟಡದ ಮೂರನೆಯ ಮಹಡಿಯ ಸಂಗೀತ ಶಾಲೆಯಲ್ಲಿ ನುಡಿಸಿ ತೋರಿಸಿದಳು, ಮೇಡಂ ಕೇಳಿದರು, ನೀನು ಯಾವ ಊರು, ಸಮುದ್ರದ ಪಕ್ಕವಾ, ಹೌದು ಎಂದಳು, ಹಾಗೇ ಅಂದುಕೊಂಡೆ, ನೀನು ಮೀನು ಹುರಿಯುವ ಹಾಗೆ ನುಡಿಸುತ್ತೀ, ಒಂದು ಮಗ್ಗುಲು ಬೇಯುವ ಮೊದಲೇ ಮಗುಚುತ್ತೀ. ಆಮೇಲೆ ಎಂಟು ತಿಂಗಳು ಪಿಯಾನೊ ಮುಟ್ಟಲು ಬಿಡಲಿಲ್ಲ, ಬರೀ ಹಾಡು, ಸ್ವರದ ಹೆಸರು ಹಾಡು, ಮುಚ್ಚಿದ ಪಿಯಾನೊದ ಮುಂದೆ ನಿಂತು ಮೊದಲನೆಯ ಕ್ಲಾಸಿನ ಮಕ್ಕಳ ಜೊತೆ, ಹೆಸರು ಹೇಳಿದ ಕೂಡಲೇ ಬೆರಳು ತಾನಾಗಿ ಆ ಮನೆಗೆ ಹೋಗಬೇಕು, ಮನಸ್ಸನ್ನು ಕೇಳಿಕೊಂಡು ಹೋಗಬಾರದು, ಹೆಸರು ಹೇಳಿ ಸ್ವರ ಹಾಡದಿದ್ದರೆ ಅದು ಕಿರಾಣಿ ಅಂಗಡಿಯ ಚೀಟಿ.

ಅದನ್ನು ಇಲ್ಲಿಯ ತಾಯಂದಿರಿಗೆ ಯಾರು ತಿಳಿಸಿ ಹೇಳಬೇಕು, ಮೆಲಿಸ್ಸಾ, ಇನ್ಯಾರು, ಮೇಡಂ ಬಾಗಿಲು ಹಾಕಿಕೊಳ್ಳುತ್ತಾರೆ, ಹೊರಗೆ ಬೆಂಚಿನ ಮೇಲೆ ಮಿನ್ಹಾಳ ತಾಯಿ ರುಬೀನ, ಎಂತ ಮಿಸ್ ಇದು, ವರ್ಷ ಆಗ್ಲಿಕ್ಕೆ ಬಂತು, ಇವಳು ಬರೀ ದೋ ರೇ ಮಿ ಹಾಡ್ತಾಳೆ, ಕೀ ಮುಟ್ಟಿದ್ದು ಇಲ್ಲ, ಬರೀ ಹಾಡ್ಲಿಕ್ಕೆ ನಾವು ಇಷ್ಟು ದೂರ ಕಾರಲ್ಲಿ ಕರ್ಕೊಂಡು ಬರ್ಬೇಕಾ, ಅವಳ ಕ್ಲಾಸ್‌ಮೇಟ್ ಗ್ರೇಡ್ ಟೂ ಮುಗಿಸಿ ಆಯ್ತು, ಇನ್‌ಸ್ಟಾದಲ್ಲಿ ಹಾಕಿದ್ದಾರೆ. ಉಮ್ಮಾ, ಇಟ್ಸ್ ಓಕೆ, ಐ ಲೈಕ್ ಇಟ್, ಎಂದು ಮಿನ್ಹಾ. ನಿನ್ನನ್ನು ಯಾರು ಕೇಳಿದ್ದು, ಸುಮ್ನೆ ಕೂತ್ಕೋ. ಇನ್ನು ಶಾಮಸುಂದರರ ತಾಯಿ ಚೆಲುವಮ್ಮ, ಮೊಮ್ಮಗಳು ಹಿತಾಗೆ ಮನೆಯಲ್ಲಿ ಕರ್ನಾಟಕ ಸಂಗೀತ ಹೇಳಿಕೊಡುವವರು, ಹಾಡು ಯಾವ ಸ್ವರದಿಂದ ಶುರುವಾದರೂ ಮಗು ಅದನ್ನು ದೋ ಎಂದು ಹಾಡುತ್ತಿತ್ತು, ಸ ಎಲ್ಲಿ ಬೇಕಾದರೂ ಇಟ್ಟುಕೊಳ್ಳಬಹುದು ಎಂದು ಕಲಿತ ಮಗು, ಮೇಡಂಗೆ ದೋ ಎಂದರೆ ಒಂದೇ ಮನೆ, ಜಗತ್ತು ಮುಳುಗಿದರೂ ಅದೇ ಮನೆ, ಈ ಹುಡುಗಿ ಕಿವುಡಿ, ಕಳಿಸಿಬಿಡು ಎಂದರು, ಕಿವುಡಿಯಲ್ಲ ಮೇಡಂ, ಅವರಲ್ಲಿ ಹಾಗೆ, ಎಂದು ಮೆಲಿಸ್ಸಾ ಒಂದು ಗಂಟೆ ವಾದ ಮಾಡಿದಳು, ಹೊರಗೆ ಬಂದರೆ ಚೆಲುವಮ್ಮ, ಏನಂತೆ ನಿಮ್ಮ ಫ್ರೆಂಚ್ ಅಮ್ಮಂದು, ಸ್ವರ ಅನ್ನೋದು ಬಾಡಿಗೆ ಮನೆ ಕಣಮ್ಮ, ಬೇಕಾದ ಕಡೆ ಹೋಗಬಹುದು, ಈಯಮ್ಮ ಮನೆ ಬದಲಾಯಿಸೋದೇ ಇಲ್ವಾ. ಒಳಗಿನವರಿಗೆ ಹೊರಗಿನದು, ಹೊರಗಿನವರಿಗೆ ಒಳಗಿನದು, ಎರಡು ಬಾಗಿಲ ನಡುವೆ ಹತ್ತೊಂಬತ್ತು ವರ್ಷ. ಒಂದು ದಿನ ಚೆನ್ನಾಗಿತ್ತು ಎಂದದ್ದಿಲ್ಲ. ಒಮ್ಮೆ ಮಾತ್ರ, ಇವತ್ತು ಮೀನು ಕಡಿಮೆ, ಎಂದಿದ್ದರು.

ಗಲ್ಲ ಇಳಿಯಿತು, ಎದ್ದಳು, ತಿರುವಿದಳು, ಮತ್ತು ತಿರುವಿದ ಕ್ಷಣಕ್ಕೇ ಬೆರಳಿಗೆ ತಿಳಿಯಿತು, ಹಾಳೆ ದಪ್ಪ, ಒಂದಲ್ಲ ಎರಡು, ಮೇಡಂ ಈ ಪುಸ್ತಕಕ್ಕೆ ಮೆತ್ತಿದ ಟೇಪು, ನಲವತ್ತು ವರ್ಷದ ಟೇಪಿನ ಮೇಲೆ ಟೇಪು, ಮಧ್ಯಾಹ್ನ ಕಾರಿನಲ್ಲಿ ಬಿಡಬೇಡಿ, ಬಿಸಿಲಿಗೆ ಅಂಟು ಕರಗುತ್ತದೆ ಎಂದು ಹೇಳಿದರೆ ಕೇಳುತ್ತಾರಾ, ಅಂಟಿಕೊಂಡು ಎರಡೂ ಒಟ್ಟಿಗೆ ಮಗುಚಿದವು, ಈಗ ಮೇಡಂ ಕಣ್ಣೆದುರು ಇರುವುದು ಬರಬೇಕಾದ ಪುಟವಲ್ಲ, ಅದರ ಮುಂದಿನದು. ಖಲಾಸ್. ಮುಗಿಯಿತು. ಹಿಂದಕ್ಕೆ ಮಗುಚಿದರೆ ಇಡೀ ಸಭೆಗೆ ಕಾಣುತ್ತದೆ, ದುಬೈಯಲ್ಲಿ ಕಂಡ ಹಾಗೆ, ಮಗುಚದಿದ್ದರೆ ಈಗ ಆ ತಲೆ ತಿರುಗುತ್ತದೆ, ಆ ನೋಟ, ನುಡಿಸುತ್ತಲೇ ಫ್ರೆಂಚಿನಲ್ಲಿ ಹಲ್ಲಿನ ಸಂದಿಯಿಂದ ಒಂದು ಮಾತು — ತಲೆ ತಿರುಗಲಿಲ್ಲ. ಕೈ ನಿಲ್ಲಲಿಲ್ಲ. ಮಧ್ಯಭಾಗ ಇದ್ದ ಹಾಗೇ ಸಾಗುತ್ತಿದೆ, ಸರಿಯಾದ ಸ್ವರಗಳು, ಎದುರಿಗೆ ಬೇರೆ ಸ್ವರಗಳು, ಮೇಡಂ ಕಣ್ಣು ಪುಟದ ಮೇಲೇ ನೆಟ್ಟಿದೆ, ಎಡದಿಂದ ಬಲಕ್ಕೆ ಸರಿಯುತ್ತಲೂ ಇದೆ, ಓದುವವರ ಹಾಗೆ, ಸಾಲು ಮುಗಿದಾಗ ಕೆಳಗಿನ ಸಾಲಿಗೆ ಇಳಿಯುತ್ತದೆ, ಅಲ್ಲಿ ಇಲ್ಲದ ಸಾಲಿಗೆ. ಮತ್ತೆ ಗಲ್ಲ ಇಳಿಯಿತು, ಸರಿಯಾದ ಜಾಗದಲ್ಲಿ, ಆ ಪುಟ ಎಲ್ಲಿ ಮುಗಿಯಬೇಕಿತ್ತೊ ಅಲ್ಲಿ. ಮೆಲಿಸ್ಸಾ ಎದ್ದು, ಹಾಳೆಯ ಅಂಚು ಮುಟ್ಟಿ, ತಿರುವಿದ ಹಾಗೆ ಮಾಡಿ ಕುಳಿತಳು. ಈಗ ಪುಟ ಸರಿಯಾಯಿತು. ಮೇಡಂಗೆ ಅದೂ ಗೊತ್ತಾಗಲಿಲ್ಲ. ಕಾಣುವುದಿಲ್ಲ. ಈ ಹೆಂಗಸಿಗೆ ಪುಟ ಕಾಣುವುದಿಲ್ಲ. ಯಾವಾಗಿನಿಂದ ಹೀಗೆ, ವಾಟ್ಸ್ಆ್ಯಪ್ ನೀನೇ ಓದು, ಈ ದೇಶದವರು ಅಕ್ಷರ ಸಣ್ಣದು ಮಾಡಿದ್ದಾರೆ ಎಂದದ್ದು, ಸುಲೈಮಾನಿ ಚಹಾ ಲೋಟಕ್ಕೆ ಬಗ್ಗಿಸಲು ಹೋಗಿ ತಟ್ಟೆಗೆ ಬಗ್ಗಿಸಿ ಲೋಟ ಸರಿಯಿಲ್ಲ ಎಂದದ್ದು, ದೀಪ ಚುಚ್ಚುತ್ತದೆ, ಕಡಿಮೆ ಮಾಡಿಸು ಎಂದದ್ದು, ಎಲ್ಲದಕ್ಕೂ ದೇಶ, ಲೋಟ, ದೀಪ, ಇನ್ನೊಬ್ಬರು, ಯಾವಾಗಲೂ ಇನ್ನೊಬ್ಬರು ಕಾರಣ, ಹಾಗಾದರೆ ದುಬೈ —

ದುಬೈಯಲ್ಲಿ ಇದೇ ಸೊನಾಟ, ಇದೇ ಭಾಗ, ಧಾಟಿ ಎರಡನೆಯ ಸಲ ಬಂದು ಕವಲಿನಲ್ಲಿ ಮೇಡಂ ಬೆಮೋಲ್ ಬಿಟ್ಟು ಬರೀ ಲಾ ನುಡಿಸಿದರು, ಮಧ್ಯಭಾಗ ಮತ್ತೆ ಬಂತು. ಮೆಲಿಸ್ಸಾ ಹಿಂದಿನ ಪುಟಗಳಿಗೆ ತಿರುವಿದಳು, ಯೋಚಿಸದೆ, ಕೈಗೆ ಊರಿನ ಚರ್ಚಿನ ಅಭ್ಯಾಸ, ಅಪ್ಪ ಆರ್ಗನ್ ನುಡಿಸುವಾಗ ಪಕ್ಕದಲ್ಲಿ ನಿಂತು ಕಲಿತದ್ದು, ಪರಮಪ್ರಸಾದಕ್ಕೆ ನಿಂತವರ ಸಾಲು ಮುಗಿಯುವ ತನಕ ಹಾಡು ನಿಲ್ಲಬಾರದು, ಮುಗಿಯಿತು ಅನ್ನುವಾಗ ಮತ್ತೆ ಮೊದಲಿಗೆ, ಮತ್ತೆ ಮೊದಲಿಗೆ, ಹಬ್ಬದ ದಿನ ಒಂದೇ ಹಾಡು ಎಷ್ಟು ಸುತ್ತು ಬಂದದ್ದೋ, ಆರ್ಗನ್ ಹಿಂದಕ್ಕೆ ಹೋದರೆ ಪುಟವೂ ಹಿಂದಕ್ಕೆ, ಪ್ರಶ್ನೆ ಇಲ್ಲ. ಹಾಗೇ ಆಯಿತು, ಮೂರು ಸುತ್ತು, ಪ್ರತಿ ಸಲ ಇವಳು ಎದ್ದು ಗರಗರ ಹಿಂದಕ್ಕೆ ಮಗುಚುವುದು, ಒಂದು ಹಾಳೆ ಕಿತ್ತು ಪೆಡಲಿನ ಮೇಲೆ ಬಿತ್ತು, ಸಭೆಗೆ ಕಂಡದ್ದು ಅದು ಒಂದೇ, ಮೇಡಂ ನೆಟ್ಟಗೆ ಕುಳಿತು ನುಡಿಸುತ್ತಿದ್ದಾರೆ, ಪಕ್ಕದವಳು ದಾರಿ ತಪ್ಪಿ ಹುಡುಕಾಡುತ್ತಿದ್ದಾಳೆ. ಹೇಗೋ ಬೆರಳು ತಾನೇ ಬೆಮೋಲಿಗೆ ಬಿದ್ದು ಮುಗಿಯಿತು. ಆಮೇಲೆ ಜ್ಯೂಸಿನ ಲೋಟ ಹಿಡಿದು ಮೇಡಂ ಎಲ್ಲರ ಮುಂದೆ, ಶಾಮಸುಂದರರ ಮುಂದೆ, ನನ್ನ ಪುಟ ತಿರುವುವವಳು ದಾರಿ ತಪ್ಪಿದಳು, ನಾನು ಅವಳಿಗಾಗಿ ಸುತ್ತು ಹಾಕಿ ಕಾಯಬೇಕಾಯಿತು. ಕಾಯಬೇಕಾಯಿತು. ಫೆಲಿಕ್ಸ್ ಮನೆಗೆ ಹೋಗುವ ದಾರಿಯುದ್ದಕ್ಕೂ ಸ್ಟಿಯರಿಂಗಿಗೆ ಹೊಡೆಯುತ್ತ, ನೀನು ಎಂತಕ್ಕೆ ಬಾಯಿಗೆ ಬೀಗ ಹಾಕಿ ನಿಂತದ್ದು, ತಪ್ಪು ಮಾಡಿದ್ದು ನೀನಾ. ಅಲ್ಲ. ಮತ್ತೆ ಹೇಳ್ಬೇಕಿತ್ತಲ್ಲ. ಯಾರಿಗೆ ಹೇಳುವುದು ಫೆಲಿಕ್ಸ್, ಅವರಿಗೆ ವಯಸ್ಸಾಗಿದೆ. ನಿನಗೆ ಆಗ್ತಾ ಇಲ್ವಾ, ನಿನ್ನನ್ನು ಎಂತ ಫ್ರಿಜ್‌ನಲ್ಲಿ ಇಟ್ಟಿದ್ದಾರಾ. ಅವಳು ಒಂದು ತಿಂಗಳು ತನ್ನನ್ನೇ ಕೇಳಿಕೊಂಡಿದ್ದಾಳೆ, ಮೊದಲ ಸಲ ನಾನು ತಿರುವಿದ್ದು ತಡವಾಗಿತ್ತಾ, ಅರ್ಧ ಕ್ಷಣ, ಅದರಿಂದಲೇ ಅವರು ತಪ್ಪಿದರಾ, ಸ್ನಾನ ಮಾಡುವಾಗ, ಅನ್ನ ಬಸಿಯುವಾಗ, ತಡವಾಗಿತ್ತಾ ತಡವಾಗಿತ್ತಾ — ಪುಟ ಕಾಣದವರಿಗೆ ತಡ ಏನು ಬೇಗ ಏನು. ಸುಳ್ಳು ಹೇಳಿದರು. ನೇರವಾಗಿ, ತಿಳಿದೂ ತಿಳಿದೂ, ಎರಡನೆಯ ಬಹುಮಾನವನ್ನು ಎರಡನೆಯದು ಎಂದೇ ಹೇಳುವ ಹೆಂಗಸು.

ಧಾಟಿ ಮರಳಿ ಬಂತು. ಎರಡನೆಯ ಸಲ. ಕವಲಿಗೆ ಎರಡು ಸಾಲು. ಒಂದು ಸಾಲು. ಲಾ. ಬರೀ ಲಾ. ಹೋಯಿತು, ಮತ್ತೆ ಮಧ್ಯಭಾಗ, ಸಭೆಯಲ್ಲಿ ಯಾರೂ ಅಲುಗಲಿಲ್ಲ, ರುಬೀನ ಫೋನ್ ನೋಡುತ್ತಿದ್ದಾರೆ, ಚೆಲುವಮ್ಮ ತೊಡೆಯ ಮೇಲೆ ತಾಳ ಹಾಕುತ್ತಿದ್ದಾರೆ, ಶಾಮಸುಂದರ ಮಾತ್ರ ಕಾಲು ಇಳಿಸಿ ಮುಂದೆ ಬಾಗಿ ನೋಡುತ್ತಿದ್ದಾರೆ, ಮೇಡಂ ಅವರನ್ನಲ್ಲ, ಇವಳನ್ನು. ನೋಡಲಿ. ಮೆಲಿಸ್ಸಾ ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡಳು. ಈ ಸಲ ಹಿಂದಕ್ಕೆ ತಿರುವುವುದಿಲ್ಲ, ಒಂದು ಹಾಳೆ ಮುಟ್ಟುವುದಿಲ್ಲ, ಪುಟ ಇದ್ದಲ್ಲೇ ಇರಲಿ, ಸರಿಯಾದ ಪುಟ, ಬೆಮೋಲ್ ಇರುವ ಪುಟ, ನುಡಿಸುವವರು ಸುತ್ತಲಿ, ಮೂರು ಸುತ್ತು, ಐದು ಸುತ್ತು, ಪಕ್ಕದವಳು ಕಲ್ಲಿನ ಹಾಗೆ ಕುಳಿತಿರುವುದು ಎಲ್ಲರಿಗೂ ಕಾಣಲಿ, ಆಗ ಇಲ್ಲಿ ಸಂಗೀತ ಒಂದಿಷ್ಟು ಬಲ್ಲ ನಾಲ್ಕು ಜನಕ್ಕಾದರೂ ಹೊಳೆಯುತ್ತದೆ, ಅಯ್ಯೋ ಅವಳಲ್ಲ, ದುಬೈಯಲ್ಲೂ ಅವಳಲ್ಲ, ನಾಲ್ಕು ಜನ ನಲವತ್ತು ಜನಕ್ಕೆ ಹೇಳುತ್ತಾರೆ, ಶಾಮಸುಂದರರಿಗೂ ಹೋಗುತ್ತದೆ, ಬಾಯಿ ಬಿಡಬೇಕಾಗಿಲ್ಲ, ನಿಯಮ ಮುರಿಯಬೇಕಾಗಿಲ್ಲ, ನಿಯಮ ಪಾಲಿಸಿದರೆ ಸಾಕು, ಗಲ್ಲ ಇಳಿದಾಗ ಮಾತ್ರ. ಎಷ್ಟು ಸುಲಭ. ಇಷ್ಟು ವರ್ಷದಲ್ಲಿ ಇಷ್ಟು ಸುಲಭವಾದ ಕೆಲಸ ಈ ಹೆಂಗಸು ಕೊಟ್ಟದ್ದಿಲ್ಲ. ಗಲ್ಲ ನೋಡು. ಗಲ್ಲ ಇಳಿಯುತ್ತಿಲ್ಲ, ಮಧ್ಯಭಾಗದಲ್ಲಿ ಇಳಿಯಬೇಕಾದ ಜಾಗ ಬಂತು, ಹೋಯಿತು, ಇಳಿಯಲಿಲ್ಲ, ಪುಟಗಳ ಲೆಕ್ಕ ತಪ್ಪಿದೆ ಎಂದು ಮೇಡಂಗೆ ಗೊತ್ತು, ದಾರಿ ತಪ್ಪಿದ್ದು ಗೊತ್ತು, ಗಲ್ಲ ಮೇಲೇ ನಿಂತಿದೆ, ಗಂಟಲ ಕೆಳಗೆ ನರ ಎದ್ದಿದೆ, ಬೆವರು ಕಿವಿಯ ಹಿಂದಿನಿಂದ ಕಾಲರಿಗೆ, ಈ ಎಸಿಯಲ್ಲಿ. ಧಾಟಿ ಮೂರನೆಯ ಸಲ ಬಂತು, ನಿಧಾನ, ಮೊದಲಿಗಿಂತ ನಿಧಾನ, ಕತ್ತಲಲ್ಲಿ ಮೆಟ್ಟಿಲು ಹುಡುಕುವ ಕಾಲಿನ ಹಾಗೆ, ಕವಲು ಹತ್ತಿರ ಬಂದಷ್ಟೂ ನಿಧಾನ, ತುಟಿ ಅಲುಗುತ್ತಿದೆ, ಸದ್ದಿಲ್ಲ, ದೋ ರೇ ಹೇಳಿಕೊಳ್ಳುತ್ತಿದ್ದಾರಾ, ಹೆಸರು ಸಿಗುತ್ತಿಲ್ಲವಾ, ಮಕ್ಕಳು ಬಂದು ನಿಲ್ಲುವುದು ಹೀಗೆ, ಹೊಸ ಮಕ್ಕಳು, ಮುಚ್ಚಿದ ಪಿಯಾನೊದ ಮುಂದೆ, ಬಾಯಿ ತೆರೆದು ಹೆಸರು ಬಾರದೆ, ಅವರನ್ನು ಮೇಡಂ ಒಬ್ಬರನ್ನೂ ಹಾಗೆ ನಿಲ್ಲಲು ಬಿಟ್ಟದ್ದಿಲ್ಲ, ಬಯ್ಯುತ್ತಾರೆ, ಅಳಿಸುತ್ತಾರೆ, ಆದರೆ ಸ್ವರ ಕೊಟ್ಟೇ ಕೊಡುತ್ತಾರೆ, ಕೊಡದೆ ನಿಲ್ಲಿಸಿದ್ದಿಲ್ಲ — ಪಿಸುಗುಟ್ಟಿದರೆ ಸಾಲದು, ಪಿಸುಮಾತಿಗೆ ಸ್ವರವಿಲ್ಲ, ಸ್ವರವಿಲ್ಲದ್ದು ಚೀಟಿ, ಬೆರಳು ಹೋಗುವುದಿಲ್ಲ, ಹಾಡಬೇಕು, ಹಾಡಿದರೆ ಕೊನೆಯ ಸಾಲಿಗೂ ಕೇಳುತ್ತದೆ, ಪುಟ ತಿರುವುವವಳು ವೇದಿಕೆಯಲ್ಲಿ ಬಾಯಿ ತೆರೆದಳು, ಮುಗಿಯಿತು, ದುಬೈಗಿಂತ ದೊಡ್ಡ ಮುಜುಗರ, ಶಾಮಸುಂದರ ನೋಡುತ್ತಿದ್ದಾರೆ, ಅರ್ಧ ಸಾಲು ಇದೆ, ಬಿಡು, ಬಾಯಿ ಮುಚ್ಚು ಮೆಲಿಸ್ಸಾ, ನಿನ್ನನ್ನು ಯಾರು ಕಾದರು —

ಲಾ ಬೆಮೋಲ್ ಎಂದು ಹಾಡಿದಳು.

ಬೆರಳು ಕೇಳಿಕೊಂಡು ಹೋಗಲಿಲ್ಲ, ತಾನಾಗಿ ಹೋಯಿತು, ಕಪ್ಪು ಮನೆಗೆ, ಎಡಗೈಯ ನಾಲ್ಕನೆಯ ಬೆರಳು, ಮುಕ್ತಾಯದ ಸಾಲು ತೆರೆದುಕೊಂಡಿತು, ಮುಂದಿನದೆಲ್ಲ ತಾನೇ ಇಳಿದು ಬಂತು, ಕೊನೆಯ ಸ್ವರ, ಪೆಡಲು, ನಿಶ್ಶಬ್ದ. ಹಿಂದಿನ ಸಾಲಿನಲ್ಲಿ ಯಾರೋ ಮಗು, ಹೂ ಸ್ಯಾಂಗ್, ಎಂದು ಕೇಳಿತು. ಆಮೇಲೆ ಚಪ್ಪಾಳೆ, ಒಬ್ಬರದ್ದು, ನಾಲ್ವರದ್ದು, ಇಡೀ ಸಭೆಯದ್ದು, ಸುತ್ತಿ ಸುತ್ತಿ ಇಷ್ಟು ಹೊತ್ತಾದ ಮೇಲೆ ನಾಲ್ಕೂ ಭಾಗ ಆಗಿಹೋಗಿರಬೇಕು ಎಂದು ಅವರ ಲೆಕ್ಕ, ಇನ್ನೂ ಎರಡಿದೆ, ಯಾರಾದರೂ ತಡೆಯಬಾರದಾ, ನಲವತ್ತು ವರ್ಷದಲ್ಲಿ ಇಂಥ ಚಪ್ಪಾಳೆಯನ್ನು ಮೇಡಂ ಒಮ್ಮೆಯೂ ಸಹಿಸಿದ್ದಿಲ್ಲ, ಎಡಗೈ ಎತ್ತಿದರೆ ಸಾಕು, ಸಭೆ ಶಾಲೆಯ ಮಕ್ಕಳ ಹಾಗೆ ಕೈ ಕಟ್ಟುತ್ತಿತ್ತು, ಈಗ ಎತ್ತುತ್ತಾರೆ ಎಂದು ಮೆಲಿಸ್ಸಾ ಕಾದಳು. ಎಡಗೈ ಮಡಿಲಲ್ಲೇ ಇತ್ತು. ಮೇಡಂ ಎದ್ದರು. ಸಭೆಗೆ ಬಾಗಿದರು, ಕಾರ್ಯಕ್ರಮದ ಕೊನೆಯಲ್ಲಿ ಬಾಗುವಷ್ಟು. ನಂತರ ತಿರುಗದೆಯೇ ಮೊಣಕೈಯನ್ನು ಸ್ವಲ್ಪ ಹೊರಗೆ ಚಾಚಿದರು, ಇಷ್ಟು ವರ್ಷ ಮುಂದೆ ಮುಂದೆ ನಡೆದುಹೋಗುತ್ತಿದ್ದ ಹೆಂಗಸು, ಮೆಲಿಸ್ಸಾ ಅದನ್ನು ಹಿಡಿದಳು, ಮೂಳೆ ಹಕ್ಕಿಯದರಷ್ಟು ಹಗುರ, ಭಾರ ಮಾತ್ರ ಪೂರ್ತಿ ಇವಳ ಮೇಲೆ, ಪರದೆಯ ಹಿಂದೆ ಬಂದರು. ನೀನು ಸ್ವಲ್ಪ ಕೆಳಗೆ ಹಾಡಿದೆ, ಎಂದರು ಮೇಡಂ ಇಂಗ್ಲಿಷಿನಲ್ಲಿ, ಬೆಮೋಲ್ ಅಂದರೆ ಅಷ್ಟು ಕೆಳಗಲ್ಲ. ದೇವರೇ. ಇವರನ್ನು ಏನು ಮಾಡಬೇಕು. ಉತ್ತರ ಕೊಡಬೇಕು, ಹತ್ತೊಂಬತ್ತು ವರ್ಷದ್ದು ಈಗಲೇ, ನಿಮಗೆ ಪುಟ ಕಾಣುವುದಿಲ್ಲ, ನಿಮಗೆ ಗೊತ್ತಿತ್ತು, ನನ್ನ ಮೇಲೆ ಹಾಕಿದಿರಿ, ನಾನು ಅನ್ನ ಬಸಿಯುವಾಗಲೂ — ಬಾಯಿ ತೆರೆಯುವಷ್ಟರಲ್ಲಿ ಶಾಮಸುಂದರ ಮೆಟ್ಟಿಲು ಹತ್ತಿ ಬಂದರು, ಒಂದು ಕೈಯಲ್ಲಿ ಹೂಗುಚ್ಛ, ಮುಖದಲ್ಲಿ ನಗು, ನಗುವಿನ ಕೆಳಗೆ ಬೇರೆ ಏನೋ. ವಂಡರ್‌ಫುಲ್ ಮೇಡಂ, ವಂಡರ್‌ಫುಲ್, ಜನ ಎದ್ದು ನಿಂತಿದ್ದಾರೆ, ಹೂಗುಚ್ಛ ಕೊಟ್ಟರು, ಮೇಡಂ ಕೈ ಅದರ ಪಕ್ಕದ ಗಾಳಿಯನ್ನು ಹಿಡಿಯಿತು, ಮೆಲಿಸ್ಸಾ ತೆಗೆದುಕೊಂಡಳು. ಆಮೇಲೆ ದನಿ ತಗ್ಗಿಸಿ, ಇಂಗ್ಲಿಷಿನಲ್ಲೇ, ಇವಳ ಕಡೆ ನೋಡದೆ, ಮೇಡಂ ಅವರನ್ನೇ ನೋಡುತ್ತ, ಆ ಮಧ್ಯದಲ್ಲಿ ಒಂದು ವಾಯ್ಸ್ ಬಂತಲ್ಲ ಮೇಡಂ, ಇವತ್ತೂ ಮೆಲಿಸ್ಸಾ ಅವರಿಂದ ಏನೋ ಗಡಿಬಿಡಿ ಆಯ್ತು ಅನ್ಸುತ್ತೆ, ಅಲ್ವಾ, ದುಬೈ ಥರ. ಹೇಳಿಯೇ ಬಿಟ್ಟರು, ಹಾದಿ ಮಾಡಿಯೇ ಕೊಟ್ಟರು, ಇನ್ನು ಮೇಡಂಗೆ ಮಾತಾಡುವ ಶ್ರಮ ಕೂಡ ಇಲ್ಲ, ಒಮ್ಮೆ ಹೌದು ಎಂದು ಗಲ್ಲ ಇಳಿಸಿದರೆ ಸಾಕು, ಮೆಲಿಸ್ಸಾ ಹೂಗುಚ್ಛ ಹಿಡಿದು ನಿಂತಲ್ಲೇ ನಿಂತು, ಬೇರೆ ಎಲ್ಲ ಬಿಟ್ಟು, ಹತ್ತೊಂಬತ್ತು ವರ್ಷದ ಅಭ್ಯಾಸದಲ್ಲಿ ಅದನ್ನೇ ನೋಡಿದಳು, ಆ ಗಲ್ಲ, ಚೂಪು ಮೂಳೆ, ಕೆಳಗೆ ಜೋತ ಚರ್ಮ, ಒಣಗದ ಬೆವರಿನ ಒಂದು ಗೆರೆ, ಈಗ ಇಳಿಯುತ್ತದೆ, ಈಗ, ಗಲ್ಲ, ಮೇಲೆ ನಿಂತ ಗಲ್ಲ, ಗಲ್ಲ —

ಗಲ್ಲ ಇಳಿಯಲಿಲ್ಲ. ನಾನು ದಾರಿ ತಪ್ಪಿದೆ, ದುಬೈಯಲ್ಲಿ ಕೂಡ, ಎಂದರು ಮೇಡಂ ಒಡೀಲ್. ಮೂರನೆಯ ಮತ್ತು ನಾಲ್ಕನೆಯ ಭಾಗಗಳನ್ನು ಆ ಸಂಜೆ ನುಡಿಸಲಿಲ್ಲ. ಸಭಾಂಗಣದಿಂದ ಹೊರಗೆ ಹೋದವರಲ್ಲಿ ಯಾರೂ ಅದರ ಬಗ್ಗೆ ವಿಚಾರಿಸಲಿಲ್ಲ.